ಅರ್ಧ ತುಂಬಿದ ಗಾಡಿ

ನಮ್ಮ ಮನೆಯಲ್ಲಿ ಈ ಕತೆ ಹೇಳುವ ರೀತಿ ನನಗೆ ಒಪ್ಪಿಗೆಯಿಲ್ಲ. ಮದುವೆಯಿರಲಿ, ಗೃಹಪ್ರವೇಶವಿರಲಿ, ಊಟದ ಪಂಕ್ತಿಯಲ್ಲಿ ಯಾರಾದರೂ ಒಬ್ಬರು ಶುರುಮಾಡುತ್ತಾರೆ: "ನಮ್ಮ ಹುಡುಗಿ ಲ್ಯಾಪ್‌ಟಾಪಿನಾಗ ಒಂದು ಬಟನ್ ಒತ್ತಿದ್ಲು ನೋಡ್ರಿ, ಶೆಡ್ ಉಳೀತು." ಹೋಳಿಗೆ ಬಡಿಸಿ ತುಪ್ಪ ಬರುವಷ್ಟರಲ್ಲಿ ಕತೆ ಮುಗಿದಿರುತ್ತದೆ. ಎಲ್ಲರೂ ನನ್ನ ಕಡೆ ನೋಡಿ ನಗುತ್ತಾರೆ. ನಾನೂ ನಗಬೇಕು.

ಬಟನ್ ಒತ್ತಿದ್ದು ನಿಜ. ಮೊದಲ ಸಲ ಒತ್ತಿದಾಗ ಶೆಡ್ ಮುಚ್ಚಬೇಕು ಅಂತಲೇ ಬಂದಿತ್ತು. ಅದನ್ನು ಯಾರೂ ಹೇಳುವುದಿಲ್ಲ.

ನೆನಪು ಹೀಗೆ ಬೂದಿ ಹಾಕಿ ತಿಕ್ಕಿದ ತಂಬಿಗೆಯಂತೆ ಹೊಳೆಯತೊಡಗಿದರೆ ನನಗೆ ಅನುಮಾನ ಬರುತ್ತದೆ. ತಿಕ್ಕಿದವರು ಯಾರು, ಹೋದ ಕಲೆ ಯಾವುದು? ಅದಕ್ಕೆ ನಾನೇ ಬರೆಯುತ್ತಿದ್ದೇನೆ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದೇ ಬಿಡುತ್ತೇನೆ. ಇದರಿಂದ ಕತೆ ಸೊಟ್ಟಗಾದರೆ ಆಗಲಿ.

ನಮ್ಮದು ಒಂದೇ ಕೆಲಸ, ಎರಡು ಊರು. ಹರಿಹರದಲ್ಲಿ ಚಿಕ್ಕಪ್ಪನ ಲೇತ್ ಮಷಿನ್ನುಗಳಿವೆ. ಹೊಲಕ್ಕೆ ಔಷಧಿ ಹೊಡೆಯಲು ಬೆನ್ನಿಗೆ ಕಟ್ಟಿಕೊಳ್ಳುವ ಪಂಪಿರುತ್ತದಲ್ಲ, ಅದರ ತುದಿಯ ಹಿತ್ತಾಳೆ ನಾಝಲ್ಲನ್ನು ಅಲ್ಲಿ ಕಡೆಯುತ್ತಾರೆ. ಕಡೆದ ಮಾಲು ಸಣ್ಣ ಗೂಡ್ಸ್ ಗಾಡಿಯಲ್ಲಿ ದಾವಣಗೆರೆಗೆ ಬರುತ್ತದೆ. ಸರಸ್ವತಿ ನಗರದ ಅಂಚಿನಲ್ಲಿ ನಮ್ಮದೊಂದು ತಗಡಿನ ಶೆಡ್ ಇದೆ. ಅಲ್ಲಿ ಹೆಂಗಸರು ಸಾಲಾಗಿ ಕೂತು ಒಳಗೆ ವಾಷರ್ ಕೂರಿಸಿ, ಸಣ್ಣ ಜರಡಿ ಇಟ್ಟು, ಮುಚ್ಚಳ ತಿರುಗಿಸಿ, ನೀರು ಬಿಟ್ಟು ಸೋರುತ್ತದೋ ನೋಡಿ, ಡಬ್ಬಿಗೆ ತುಂಬುತ್ತಾರೆ. ಇವರನ್ನೆಲ್ಲ ನೋಡಿಕೊಳ್ಳುವವರು ನನ್ನ ಅಣ್ಣನ ಹೆಂಡತಿ. ಶೆಡ್ಡಿನ ಬೀಗದ ಕೈ ಅವರ ಸೊಂಟದಲ್ಲೇ ಇರುತ್ತದೆ. ಹಿಂದೆ ಹತ್ತಿಯ ಕಾಲದಲ್ಲಿ ಅದೇ ಶೆಡ್ಡಿನಲ್ಲಿ ಅಜ್ಜಿ ಹತ್ತಿ ಆರಿಸುತ್ತ ಕೂರುತ್ತಿದ್ದಳು, ಆ ಬೀಗದ ಕೈ ಅವಳದು.

ಆ ವರ್ಷ ಮಳೆಗಾಲದಲ್ಲಿ ಚಿಕ್ಕಪ್ಪ ಒಂದು ಮಾತು ಹೇಳಿದ: "ಈ ಸಲ ಆಯುಧಪೂಜೆ ಹರಿಹರದಾಗ ಮಾತ್ರ." ಅಷ್ಟೇ. ಉಳಿದದ್ದನ್ನು ನಾವು ಅರ್ಥಮಾಡಿಕೊಳ್ಳಬೇಕಾಗಿತ್ತು. ದಾವಣಗೆರೆಯ ಶೆಡ್ಡಿಗೆ ಪೂಜೆ ಇಲ್ಲ ಅಂದರೆ ಶೆಡ್ ಇಲ್ಲ. ನಾಝಲ್ ತಾನೇ ಜೋಡಿಸುವ ಯಂತ್ರವನ್ನು ಚಿಕ್ಕಪ್ಪನ ಮಗ ಎಲ್ಲೋ ನೋಡಿಕೊಂಡು ಬಂದಿದ್ದ. ಅದು ಹರಿಹರಕ್ಕೆ ಬಂದರೆ ಅತ್ತಿಗೆಯೂ ಆ ಹೆಂಗಸರೂ ಮನೆಗೆ.

"ಹೆಂಗಸರ ಕೈ ನಿಧಾನ" ಎಂದ ಚಿಕ್ಕಪ್ಪ. "ಆರ್ಡರ್ ಕೊಟ್ಟೋರು ಫೋನ್ ಮಾಡಿ ಬೈತಾರೆ. ನಿನ್ನ ಅತ್ಗೆಗೆ ನಾನು ಹೇಳಿದ್ರೆ ಸಿಟ್ಟು. ನಿಂದು ಏನೋ ಐತಲ್ಲ ಕಂಪ್ಯೂಟರ್‌ದು, ಅದ್ರಾಗ ತೋರಿಸಿಬಿಡು. ಕಂಪ್ಯೂಟರಿನ ಮ್ಯಾಲೆ ಯಾರು ಸಿಟ್ಟು ಮಾಡ್ಕೋತಾರೆ?"

ನನ್ನದು ಸಿಮ್ಯುಲೇಶನ್. ಅದನ್ನು ಪಾಠ ಮಾಡಿಯೇ ನಾನು ಸಂಬಳ ತೆಗೆದುಕೊಳ್ಳುವುದು. ಕೆಲಸದ ಜಾಗವೊಂದನ್ನು ಕಂಪ್ಯೂಟರಿನೊಳಗೆ ಕಟ್ಟಿ ಓಡಿಸಿ ನೋಡುವ ವಿದ್ಯೆ ಅದು. ಮಾಲು ಬಂತು, ಸಾಲಿನಲ್ಲಿ ನಿಂತಿತು, ಕೈಗೆ ಸಿಕ್ಕಿತು, ಮುಗಿಯಿತು, ಹೊರಟಿತು: ಇಂಥ ಘಟನೆಗಳನ್ನಷ್ಟೇ ಅದು ಲೆಕ್ಕಕ್ಕೆ ಹಿಡಿಯುತ್ತದೆ. ಒಂದು ಘಟನೆಗೂ ಮುಂದಿನದಕ್ಕೂ ನಡುವಿನ ಹೊತ್ತನ್ನು ಅದರ ಗಡಿಯಾರ ಹಾರಿಬಿಡುತ್ತದೆ. ಹಾಗಾಗಿ ವರ್ಷದ ಕೆಲಸವನ್ನು ಚಹಾ ಕುಡಿಯುವಷ್ಟರಲ್ಲಿ ನೋಡಿ ಮುಗಿಸಬಹುದು. ಮನುಷ್ಯರ ಕೈ ಪ್ರತಿಸಲ ಒಂದೇ ವೇಗದಲ್ಲಿ ಆಡುವುದಿಲ್ಲ, ಯಂತ್ರವೂ ನಡುನಡುವೆ ಕೆಡುತ್ತದೆ. ಅದಕ್ಕೆ ಕಂಪ್ಯೂಟರು ದಾಳ ಹಾಕಿದಂತೆ ಈ ವೇಳೆಗಳನ್ನು ಹೆಚ್ಚುಕಡಿಮೆ ಮಾಡುತ್ತ ಹೋಗುತ್ತದೆ. ಒಂದು ಸಲ ಓಡಿಸಿದರೆ ಸಿಗುವುದು ಒಂದು ಕತೆ ಅಷ್ಟೇ. ನಂಬಬೇಕೆಂದರೆ ಬೇರೆ ಬೇರೆ ದಾಳ ಬೀಳುವಂತೆ ಮತ್ತೆ ಮತ್ತೆ ಓಡಿಸಬೇಕು. ಯಾವುದು ಪ್ರತಿಸಲವೂ ಬದಲಾಗದೆ ಉಳಿಯುತ್ತದೋ ಅದರ ಮೇಲೆ ಮಾತ್ರ ಕಾಲಿಡಬೇಕು.

ಇದನ್ನೆಲ್ಲ ಚಿಕ್ಕಪ್ಪನಿಗೆ ಹೇಳಿದೆ. ಕೇಳಿ, "ಅಂದ್ರೆ ಪಗಡೆ ಅನ್ನು" ಎಂದ.

ಪಗಡೆಯೇ. ಸೋತರೆ ಯಾರ ಮನೆ ಹೋಗುತ್ತದೆ ಎನ್ನುವುದು ಮೊದಲೇ ಗೊತ್ತಿದ್ದ ಪಗಡೆ.

ಹೆಂಗಸರ ಕೈಗೆ ಎಷ್ಟು ಹೊತ್ತು ಹಿಡಿಯುತ್ತದೆ ಎಂಬುದನ್ನು ಚಿಕ್ಕಪ್ಪನ ಮಗ ಆಗಲೇ ಅಳೆದಿಟ್ಟಿದ್ದ. ಶೆಡ್ಡಿನಲ್ಲಿ ಮೊಬೈಲ್ ಹಿಡಿದು ಒಬ್ಬೊಬ್ಬರ ಎದುರೂ ನಿಂತಿದ್ದನಂತೆ. ಹುಡುಗ ಸುಳ್ಳು ಬರೆಯುವವನಲ್ಲ. ಅದನ್ನೇ ಹಾಕಿ, ಲೇತುಗಳನ್ನು ಹಾಕಿ, ಗಾಡಿಯನ್ನು ಹಾಕಿ ಓಡಿಸಿದೆ. ಹರಿಹರದ ಆಫೀಸಿನಲ್ಲಿ ಚಿಕ್ಕಪ್ಪ, ಅವನ ಮಗ, ಬಸ್ಸಿನಲ್ಲಿ ಬಂದಿದ್ದ ಅತ್ತಿಗೆ, ಎಲ್ಲರೂ ನನ್ನ ಬೆನ್ನ ಹಿಂದೆ ನಿಂತಿದ್ದರು. ಪರದೆಯ ಮೇಲೆ ಹೆಂಗಸರು ನೀಲಿ ಚುಕ್ಕಿಗಳು. ಚುಕ್ಕಿಗಳ ಮುಂದೆ ಮಾಲು ಏರತೊಡಗಿತು. ಏರಿತು, ಏರಿತು, ಪರದೆಯ ಅಂಚು ಮುಟ್ಟಿತು.

"ನೋಡವ್ವ, ಬಣವೆ ಒಟ್ಟಿದಂಗ ಒಟ್ಟೈತೆ!" ಚಿಕ್ಕಪ್ಪನ ದನಿಯಲ್ಲಿ ಮಗ ಪಾಸಾದ ಸಂತೋಷ. "ನಾನು ಹೇಳಿದ್ರೆ ಮುದುಕ ಹೇಳ್ತಾನೆ ಅಂತೀರಿ. ಈಗ ಹೇಳ್ರಿ."

ಅತ್ತಿಗೆ ಸೆರಗು ಸರಿಮಾಡಿಕೊಂಡು ಬಗ್ಗಿ ನೋಡಿದರು. "ಇದ್ರಾಗ ನಾನು ಯಾವ ಚುಕ್ಕಿ?"

"ಮೊದಲನೇದು ನೀವು ಅತ್ಗೆ."

"ಇಷ್ಟು ಚಂದ ಬಣ್ಣ ಯಾಕ ಹಚ್ಚೀದಿ? ಮುಚ್ಚೋ ಅಂಗಡಿಗೆ ಯಾರಾದ್ರೂ ಸುಣ್ಣ ಬಳೀತಾರಾ?"

ಆಮೇಲೆ ಬಸ್ಸಿಗೆ ಹೊತ್ತಾಯಿತೆಂದು ಹೊರಟುಬಿಟ್ಟರು. ನಾನೂ ಅವರ ಜೊತೆ ಅದೇ ಬಸ್ಸಿನಲ್ಲಿ ಬಂದೆ ಎಂದು ನನ್ನ ನೆನಪು. ಅತ್ತಿಗೆ ಹೇಳುವುದು ಬೇರೆ: ನಾನು ಅಲ್ಲೇ ಉಳಿದು ಚಿಕ್ಕಮ್ಮನ ಕೈಯ ಅವಲಕ್ಕಿ ತಿಂದೆನಂತೆ. ಇರಬಹುದು. ಬಸ್ಸಿನಲ್ಲಿ ಅತ್ತಿಗೆಯ ಪಕ್ಕ ಕೂತು ಕಿಟಕಿ ನೋಡುವ ಚಿತ್ರ ನನಗೆ ಎಷ್ಟು ಬೇಕಾಗಿದೆ ಎಂದರೆ, ಅದನ್ನು ನಾನೇ ಮಾಡಿಕೊಂಡಿರುವ ಸಾಧ್ಯತೆ ಇದೆ.

ಒಂದು ಮಾತ್ರ ನಾನು ಮಾಡಿಕೊಂಡದ್ದಲ್ಲ. ಹೊಸ ತರಗತಿಗೆ ನಾನು ಮೊದಲ ದಿನ ಹೇಳುವ ಮಾತೊಂದಿದೆ: ಒಳಗೆ ಕಟ್ಟಿದ ಜಾಗವನ್ನು ಹೊರಗಿನ ಜಾಗದ ಪಕ್ಕಕ್ಕಿಟ್ಟು ನೋಡದೆ ಬಾಯಿ ತೆರೆಯಬೇಡಿ. ಮರುದಿನ ಶೆಡ್ಡಿಗೆ ಹೋದೆ. ಪರದೆಯ ಮೇಲೆ ಹೆಂಗಸರ ಮುಂದೆ ಬಣವೆ ಇತ್ತು. ಶೆಡ್ಡಿನಲ್ಲಿ ಬಣವೆ ಇರಲಿಲ್ಲ. ಗುಡಿಸಿದ ನೆಲವಿತ್ತು. ಮಾಲು ಇರಬೇಕಾದ ಟ್ರೇಯಲ್ಲಿ ಬೆಕ್ಕು ಮಲಗಿತ್ತು.

ಆ ಬೆಕ್ಕು ಬಂದದ್ದು ಮುಂದಿನ ವರ್ಷ ಎಂದು ಅತ್ತಿಗೆ ವಾದಿಸುತ್ತಾರೆ. ಆಗಲಿ, ಬೆಕ್ಕನ್ನು ತೆಗೆದುಬಿಡೋಣ. ಬೆಕ್ಕು ತೆಗೆದರೂ ಟ್ರೇ ಖಾಲಿಯೇ.

ನನಗೆ ವಿಚಿತ್ರ ಅನ್ನಿಸಿದ್ದು ಟ್ರೇ ಅಲ್ಲ, ಕೈಗಳು. ಮಾಲಿಲ್ಲ, ಆದರೆ ಎಲ್ಲರ ಕೈಯೂ ಆಡುತ್ತಿತ್ತು. ಕೊನೆಯಲ್ಲಿ ಕೂರುವ ಒಬ್ಬ ದಪ್ಪನೆಯ ಅಕ್ಕ ಇದ್ದಾರೆ, ಶೆಡ್ಡಿಗೆಲ್ಲ ನಗೆ ಹಂಚುವವರು. ಅವರ ಪಕ್ಕ ಹೋಗಿ ಕೂತೆ. ಅವರು ಒಂದು ನಾಝಲ್ಲಿನ ಮುಚ್ಚಳ ಬಿಚ್ಚಿದರು. ಜರಡಿ ತೆಗೆದರು. ಬಾಯಿಂದ ಉಸಿರು ಬಿಟ್ಟು ಒರೆಸಿದರು. ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡಿದರು. ಮತ್ತೆ ಜರಡಿ ಇಟ್ಟು ಮುಚ್ಚಳ ತಿರುಗಿಸಿದರು.

"ಏನು ಮಾಡ್ತಿದ್ದೀರಿ ಅಕ್ಕಾ?"

"ಕೆಲಸ."

"ಯಾವ ಕೆಲಸ?"

"ನಿನ್ನೆ ಮಾಡಿದ್ದು."

ಸಾಲೆಲ್ಲ ನಕ್ಕಿತು. ಅತ್ತಿಗೆ ನಗಲಿಲ್ಲ. "ಸುಮ್ನಿರ್ರೆ" ಎಂದು ಗದರಿಸಿ ನನ್ನ ಕಡೆ ತಿರುಗಿದರು. "ಮಾಲು ಮುಗಿದಿರ್ತೈತೆ, ಗಾಡಿ ಬಂದಿರಲ್ಲ. ಬರಿಗೈಲಿ ಕೂಡಾಕ ಆಗ್ತೈತಾ? ನಿಮ್ಮ ಅಜ್ಜಿ ಏನಂತಿದ್ರು ಗೊತ್ತಿಲ್ವಾ?"

ಗೊತ್ತಿತ್ತು. ನಮ್ಮ ಮನೆಯಲ್ಲಿ ಹುಟ್ಟಿದವರಿಗೂ ಮದುವೆಯಾಗಿ ಬಂದವರಿಗೂ ಗೊತ್ತಿತ್ತು. ಬರಿಗೈಲಿ ಕೂತರೆ ದರಿದ್ರ ಬಂದು ತೊಡೆ ಮೇಲೆ ಕೂರುತ್ತದೆ. ಅಜ್ಜಿ ಇದನ್ನು ಹೇಳಿ ಸುಮ್ಮನಾಗುತ್ತಿರಲಿಲ್ಲ, ಕೈಗೆ ಏನಾದರೂ ತುರುಕುತ್ತಿದ್ದಳು: ಹತ್ತಿ, ಹುಣಸೆಹಣ್ಣು, ಮೆಂತ್ಯದ ಸೊಪ್ಪು. ಅವಳ ಹತ್ತಿ ಹೋಗಿ ಹಿತ್ತಾಳೆ ಬಂದರೂ ಶೆಡ್ಡಿನಲ್ಲಿ ಆ ಮಾತು ಹೋಗಿರಲಿಲ್ಲ. ಮಾಲು ಕಡಿಮೆಯಾಗುತ್ತ ಬಂದಂತೆ ಕೈಗಳು ತಾವಾಗಿಯೇ ನಿಧಾನವಾಗುತ್ತಿದ್ದವು. ಪೂರ್ತಿ ಮುಗಿದ ಮೇಲೆ ಮಾಡಿದ್ದನ್ನೇ ಬಿಚ್ಚಿ ಮಾಡುತ್ತಿದ್ದವು. ಮೋಸವಲ್ಲ, ಭಕ್ತಿ.

ಚಿಕ್ಕಪ್ಪನ ಮಗ ಮೊಬೈಲ್ ಹಿಡಿದು ಅಳೆದದ್ದು ಈ ಕೈಗಳನ್ನು. ಗಾಡಿಗಾಗಿ ಕಾಯುವ ಹೊತ್ತೆಲ್ಲ ಕೆಲಸದ ಸೀರೆ ಉಟ್ಟು ಅವನ ಮುಂದೆ ಕೂತಿತ್ತು. ಅವನು ಅದನ್ನು ಕೆಲಸ ಎಂದು ಬರೆದುಕೊಂಡ, ಕಂಪ್ಯೂಟರು ಅದನ್ನು ಕೆಲಸ ಎಂದು ನಂಬಿತು, ಇಷ್ಟು ನಿಧಾನದ ಕೈಗಳ ಮುಂದೆ ಮಾಲು ಬಣವೆಯಾಗದೆ ಇನ್ನೇನಾಗುತ್ತದೆ ಎಂದು ನ್ಯಾಯವಾಗಿಯೇ ತೋರಿಸಿತು.

ಮುಂದೆ ಗಾಡಿ ಬಂದ ದಿನ ನಾನೇ ಹೋಗಿ ಅಳೆದೆ. ಟ್ರೇ ತುಂಬಿರುವ ಹೊತ್ತಿನಲ್ಲಿ ಮಾತ್ರ. ಆ ಕೈಗಳೇ ಬೇರೆ. ಮಾತು ಬಾಯಲ್ಲಿ, ಕಣ್ಣು ಬಾಗಿಲಲ್ಲಿ, ಬೆರಳು ಮಾತ್ರ ಹಿತ್ತಾಳೆಯ ಮೇಲೆ. ಮುಚ್ಚಳ ಕೂತದ್ದು ನನ್ನ ಕಣ್ಣಿಗೆ ಕಾಣುವ ಮೊದಲೇ ಕಿವಿಗೆ ಕೇಳುತ್ತಿತ್ತು. ಈ ಹೊಸ ವೇಳೆಗಳನ್ನು ಹಾಕಿ ಓಡಿಸಿದೆ. ದಾಳ ಬದಲಿಸಿ ಮತ್ತೆ ಓಡಿಸಿದೆ. ಲೇತ್ ಕೆಟ್ಟರೂ, ಒಬ್ಬರು ರಜೆ ಹಾಕಿದರೂ, ಮಳೆ ಬಂದರೂ, ಒಂದು ಮಾತ್ರ ಬದಲಾಗಲಿಲ್ಲ. ಬಣವೆ ಶೆಡ್ಡಿನಿಂದ ಎದ್ದು ಹರಿಹರದ ಗೇಟಿಗೆ ಹೋಗಿ ಕೂತಿತ್ತು, ಗಾಡಿಯೊಳಗೆ. ಮಾಲು ಕಡೆದು ತಯಾರಾಗಿದೆ, ಗಾಡಿಗೆ ಏರಿದೆ, ಗಾಡಿ ಮಾತ್ರ ನಿಂತಿದೆ. ಯಾಕೆಂದರೆ ಅದಿನ್ನೂ ತುಂಬಿಲ್ಲ. ಈ ಕಡೆ ನೀಲಿ ಚುಕ್ಕಿಗಳು ಬೂದಿ ಬಣ್ಣಕ್ಕೆ ತಿರುಗಿ ಸುಮ್ಮನೆ ಕೂತಿದ್ದವು. ಕೆಲಸವಿಲ್ಲದೆ ಕೂತವರಿಗೆ ನನ್ನ ಪ್ರೋಗ್ರಾಮು ಕೊಡುವ ಬಣ್ಣ ಅದು.

ತುಂಬುವ ತನಕ ಕಾಯದೆ ದಿನವೂ ಹೊರಡಲಿ ಎಂದು ಗಾಡಿಯ ನಿಯಮ ಬದಲಿಸಿದೆ. ಬೂದಿ ಬಣ್ಣ ಬಹುಪಾಲು ಹೋಯಿತು. ಆರ್ಡರುಗಳು ಹೊತ್ತಿಗೆ ಸರಿಯಾಗಿ ಹೊರಬಿದ್ದವು. ಯಂತ್ರ ಬೇಕಿರಲಿಲ್ಲ.

ಇದನ್ನು ಹೇಳಲು ಹರಿಹರಕ್ಕೆ ಹೋದಾಗ ಚಿಕ್ಕಪ್ಪ ದೇವಸ್ಥಾನದಿಂದ ಬಂದು ಕೂತಿದ್ದ, ಹಣೆಯ ವಿಭೂತಿ ಇನ್ನೂ ಒದ್ದೆಯಿತ್ತು. ಪರದೆ ನೋಡಿದ. ಗೇಟಿನಲ್ಲಿ ನಿಂತ ತನ್ನ ಗಾಡಿಯನ್ನು ನೋಡಿದ.

"ಅರ್ಧ ತುಂಬಿದ ಗಾಡಿ ನಮ್ಮ ಹೊಸಲು ದಾಟಲ್ಲ" ಎಂದ.

ಇದೂ ನಮ್ಮ ಮನೆಯ ಮಾತೇ. ಹತ್ತಿಯ ಕಾಲದ ಎತ್ತಿನ ಗಾಡಿಯಿಂದ ಬಂದದ್ದು. ಅರ್ಧ ಗಾಡಿ ಕಳಿಸಿದವನ ಮನೆಯಲ್ಲಿ ಅರ್ಧ ಹೊಟ್ಟೆ ಎಂದು ಅಜ್ಜ ಹೇಳುತ್ತಿದ್ದನಂತೆ. ಅಜ್ಜಿಯ ಮಾತು ಕೈಗೆ, ಅಜ್ಜನ ಮಾತು ಗಾಡಿಗೆ. ಗಂಡ ಹೆಂಡತಿ ಸೇರಿ, ತಾವು ಸತ್ತ ಮೇಲೂ, ಎರಡು ಊರುಗಳ ನಡುವೆ ಮಾಲನ್ನು ಹಿಡಿದು ನಿಲ್ಲಿಸಿದ್ದರು.

"ಡೀಸೆಲ್ ಹೆಚ್ಚಾಗ್ತೈತೆ ಅಂತ ಹೇಳು, ಅದಕ್ಕೆ ಲೆಕ್ಕ ತೋರಿಸ್ತೀನಿ" ಎಂದೆ. "ಹೊಸಲು ಅನ್ನಬ್ಯಾಡ. ಇದೇ ಊರಾಗ ಹರಿಹರೇಶ್ವರ ಅರ್ಧ ಹರ, ಅರ್ಧ ಹರಿ. ಆತ ಹೊಸಲು ದಾಟಲ್ವಾ ಚಿಕ್ಕಪ್ಪಾ?"

ಅವನ ಮಗ ಮುಖ ತಿರುಗಿಸಿ ನಕ್ಕ. ಚಿಕ್ಕಪ್ಪ ಮಾತ್ರ ಸಲೀಸಾಗಿ ಉತ್ತರ ಕೊಟ್ಟ: "ಅಲ್ಲಿ ಎರಡು ಅರ್ಧ ಸೇರಿ ಪೂರ್ತಿ ಆಗೈತೆ ಕಣವ್ವ. ನಿನ್ನ ಗಾಡಿಯ ಇನ್ನೊಂದು ಅರ್ಧ ಎಲ್ಲೈತೆ?"

ಮಾತಿನಲ್ಲಿ ನಾನು ಸೋತೆ. ಒಪ್ಪಿಕೊಳ್ಳುತ್ತೇನೆ, ಒಳ್ಳೆಯ ಮಾತು ಅದು.

ಆಮೇಲೆ ಅವನು ಬೇರೆ ದಾರಿ ಹಿಡಿದ. "ಸರಿ, ಒಂದು ಮಾತಿನಾಗ ಹೇಳು. ಗಾಡಿ ದಿನಾ ಕಳಿಸಿದ್ರೆ ಆರ್ಡರ್ ಎಷ್ಟು ದಿನಕ್ಕ ಹೋಗ್ತೈತೆ?"

"ಇಷ್ಟರಿಂದ ಇಷ್ಟರೊಳಗೆ. ಹೆಚ್ಚು ಸಲ ಈ ಕಡೆಗೆ." ಪರದೆಯ ಮೇಲೆ ಬೆರಳಾಡಿಸಿ ತೋರಿಸಿದೆ.

"ಹೆಚ್ಚುಕಡಿಮೆ ಅನ್ನೋದು ಉತ್ತರ ಅಲ್ಲ. ಒಂದು ಹೇಳು."

"ಒಂದು ಹೇಳಿದ್ರೆ ಸುಳ್ಳಾಗ್ತೈತೆ."

"ಆವತ್ತು ಬಣವೆ ತೋರಿಸಿದ್ಯಲ್ಲ, ಅದು ಒಂದೇ ಇತ್ತು. ಎಷ್ಟು ಚಲೋ ಇತ್ತು. ಅದನ್ನೇ ಇಟ್ಕೋ."

"ಅದು ತಪ್ಪು. ಬಿಟ್ಟಾಯ್ತು."

"ತಪ್ಪು ಯಾಕ? ಮಾಡಿದೋಳು ನೀನೇ ಅಲ್ವಾ?"

ಇಟ್ಟುಕೊಳ್ಳುವುದಿಲ್ಲ ಎಂದೆ. ಆ ಫೈಲು ಅವನ ಮಗನ ಹತ್ತಿರವೂ ಇತ್ತು, ಬೇಕಾದರೆ ತೋರಿಸಿಕೊಳ್ಳಬಹುದಿತ್ತು. ಆದರೆ ಇದು ಸರಿ ಎಂದು ನನ್ನ ಬಾಯಿಂದ ಬರುವುದಿಲ್ಲ, ಯಾರ ಮುಂದೆ ಬೇಕಾದರೂ ತಪ್ಪು ಎಂದೇ ಹೇಳುತ್ತೇನೆ ಎಂದೆ. ದನಿ ಏರಿತ್ತು ಅನ್ನಿಸುತ್ತದೆ. ಲೇತುಗಳ ಸದ್ದಿನಲ್ಲಿ ಎಲ್ಲರ ದನಿಯೂ ಏರಿಯೇ ಇರುತ್ತದೆ, ಆದ್ದರಿಂದ ಅದನ್ನು ಧೈರ್ಯ ಎಂದು ಬರೆದುಕೊಳ್ಳಲಾರೆ.

ಚಿಕ್ಕಪ್ಪ ಸಿಟ್ಟಾಗಲಿಲ್ಲ. ಮೆಲ್ಲಗೆ, ನನಗೇ ತಿಳಿಸಿ ಹೇಳುವವನಂತೆ ಕೇಳಿದ: "ನಾನು ಆ ಶೆಡ್ಡಿಗೆ ಹೋಗಾಕ ಹತ್ತಿ ಎಷ್ಟು ವರ್ಷ ಆತು? ಒಬ್ಬಾಕಿ ಕೈ ಖಾಲಿ ಇದ್ದದ್ದು ನೋಡಿಲ್ಲ. ಮಾಲು ಇರಲ್ಲ ಅಂತೀಯಲ್ಲ, ಮತ್ತೆ ಅವರೆಲ್ಲ ಏನು ಮಾಡ್ತಿದ್ರು?"

ಅವನ ಪ್ರಶ್ನೆ ಸರಿಯಾಗಿತ್ತು. ನನ್ನ ಹತ್ತಿರ ಉತ್ತರವಿತ್ತು, ಆದರೆ ಅವನ ಮುಂದೆ ಹೇಳುವಂಥ ಉತ್ತರವಲ್ಲ. ಹೆಂಗಸರು ಮಾಡಿದ್ದನ್ನೇ ಬಿಚ್ಚಿ ಮಾಡುತ್ತಾರೆ ಎಂದರೆ ಅದನ್ನೇ ಹಿಡಿದು ಮನೆಗೆ ಕಳಿಸುತ್ತಿದ್ದ. ಲ್ಯಾಪ್‌ಟಾಪ್ ಮಡಚಿ ಎದ್ದೆ. "ಶನಿವಾರ ಬರ್ತೀನಿ ಶೆಡ್ಡಿಗೆ" ಎಂದು ಬೆನ್ನಿಗೆ ಹೇಳಿದ. "ಬಾಗಿಲು ಹಾಕೋ ಮಾತು ಮುಗಿಸಿಬಿಡೋಣ. ಬೀಗದ ಕೈ ತಯಾರಿಟ್ಟಿರು ಅಂತ ನಿನ್ನ ಅತ್ಗೆಗೆ ಹೇಳು."

ನೇರವಾಗಿ ಶೆಡ್ಡಿಗೆ ಬಂದೆ. ಮಾಲು ಇರಲಿಲ್ಲ. ಕೈಗಳು ಆಡುತ್ತಿದ್ದವು.

"ಶನಿವಾರ ಚಿಕ್ಕಪ್ಪ ಬಂದಾಗ ಮಾಲಿಲ್ಲದಿದ್ರೆ ಕೈ ನಿಲ್ಲಿಸಿ ಕೂಡ್ರಿ" ಎಂದೆ. "ಬರಿಗೈಲಿ. ನಾಝಲ್ ಮುಟ್ಟಬ್ಯಾಡ್ರಿ."

ಅತ್ತಿಗೆಯ ಮುಖ ಕಪ್ಪಿಟ್ಟಿತು. "ತಲೆ ಸರಿ ಐತಾ ನಿಂಗೆ? ನೋಡ್ರಿ, ಕೆಲಸಾನೇ ಇಲ್ಲ ಇವರಿಗೆ ಅಂತ ಅವತ್ತೇ ಬಾಗಿಲು ಹಾಕ್ತಾರೆ."

"ಹಾಕಬಹುದು."

"ಹಾಕಲ್ಲ ಅಂತ ನಿನ್ನ ಕಂಪ್ಯೂಟರ್ ಹೇಳ್ತೈತಾ?"

"ಇಲ್ಲ. ಅದಕ್ಕೆ ಚಿಕ್ಕಪ್ಪನ ವಿಷಯ ಗೊತ್ತಿಲ್ಲ."

ಇದು ನಿಜವಾಗಿತ್ತು. ಕಂಪ್ಯೂಟರಿನೊಳಗೆ ದಾಳವನ್ನು ಬೇಕಾದಷ್ಟು ಸಲ ಉರುಳಿಸಬಹುದು. ಶನಿವಾರವನ್ನು ಒಂದೇ ಸಲ. ನಾನು ಅವರಿಗೆ ಸಾಧ್ಯತೆಯನ್ನು ಹೇಳುತ್ತಿದ್ದೆ, ಅವರು ಬೀಗದ ಕೈಯನ್ನು ಬೆರಳಿನಲ್ಲಿ ತಿರುವುತ್ತಿದ್ದರು. "ಇಷ್ಟು ವರ್ಷ ನೀವು ಕಾದದ್ದನ್ನ ನೀವೇ ಮುಚ್ಚಿಟ್ಟಿದ್ದೀರಿ ಅತ್ಗೆ. ನಿಮ್ಮ ಕೈ ಆಡೋ ತನಕ ಗಾಡಿ ನಿಂತಿದ್ದು ಯಾರಿಗೂ ಕಾಣಲ್ಲ" ಎಂದೆ. ಅತ್ತಿಗೆ ಬೀಗದ ಕೈಯನ್ನು ಮತ್ತೆ ಸೊಂಟಕ್ಕೆ ಸಿಕ್ಕಿಸಿಕೊಂಡರು. ದಪ್ಪನೆಯ ಅಕ್ಕ ಮಾತ್ರ ಕೇಳಿದರು: "ದರಿದ್ರ ಬಂದು ತೊಡೆ ಮ್ಯಾಲೆ ಕೂತ್ರೆ ಏನ್ರೀ ಮಾಡೋದು? ನನ್ನ ತೊಡೆ ಮ್ಯಾಲಂತೂ ಜಾಗ ಬೇಕಾದಷ್ಟೈತೆ."

ಶನಿವಾರ ಮಧ್ಯಾಹ್ನ ಶೆಡ್ಡಿನ ಟ್ರೇಗಳು ಖಾಲಿಯಾಗಿದ್ದವು. ಹೊರಗೆ ಚಿಕ್ಕಪ್ಪನ ಬೈಕಿನ ಸದ್ದಾಯಿತು. ಅತ್ತಿಗೆ ತಮ್ಮ ಕೈಲಿದ್ದ ನಾಝಲ್ಲನ್ನು ಡಬ್ಬಿಗೆ ಹಾಕಿ, ಡಬ್ಬಿಯ ಮುಚ್ಚಳ ಒತ್ತಿ, ಎರಡೂ ಕೈ ಮಡಿಲಲ್ಲಿಟ್ಟುಕೊಂಡರು. ಅವರನ್ನು ನೋಡಿ ಪಕ್ಕದವರು. ಪಕ್ಕದವರನ್ನು ನೋಡಿ ಅವರ ಪಕ್ಕದವರು. ಬರಿಗೈಯನ್ನು ಎಲ್ಲಿಡಬೇಕೆಂದೇ ಅವರಿಗೆ ತಿಳಿಯುತ್ತಿರಲಿಲ್ಲ. ಕೆಲವರು ಮಂಡಿಯ ಮೇಲಿಟ್ಟರು, ಒಬ್ಬರು ಸೆರಗಿನೊಳಗೆ ಬಚ್ಚಿಟ್ಟರು. ಫೋಟೋ ತೆಗೆಸಿಕೊಳ್ಳಲು ಕೂತವರ ಹಾಗೆ ಕಾಣುತ್ತಿದ್ದರು.

ಬಾಗಿಲಲ್ಲಿ ಚಿಕ್ಕಪ್ಪ ನಿಂತ. ಹಿಂದೆ ಅವನ ಮಗ.

ಮೊದಲು ಏನಾಯಿತು ಎಂಬುದರ ಬಗ್ಗೆ ನಮ್ಮಲ್ಲಿ ಒಮ್ಮತವಿಲ್ಲ. ಅಪ್ಪ ಕೂಗಾಡಿದ ಅನ್ನುತ್ತಾನೆ ಅವನ ಮಗ. ಮಾವ ನೀರು ಕೇಳಿದರು ಅನ್ನುತ್ತಾರೆ ಅತ್ತಿಗೆ. ನನಗೆ ನೆನಪಿರುವುದು ಚಿಕ್ಕಪ್ಪ ಗೋಡೆಯ ಮೇಲಿನ ಅಜ್ಜಿಯ ಫೋಟೋ ನೋಡಿದ್ದು. ಮೂರೂ ಬೇರೆ ಬೇರೆ ದಾಳಗಳು. ಮೂರರಲ್ಲೂ ಕೈಗಳು ಮಡಿಲಲ್ಲೇ ಇದ್ದವು. ನಾನು ಕಾಲಿಡುವುದು ಅದರ ಮೇಲೆ.

"ಯಾಕ ಹಿಂಗ ಕೂತೀರಿ?"

ಅತ್ತಿಗೆ ಎದ್ದು ನಿಲ್ಲಲಿಲ್ಲ. ಮಾವನ ಮುಂದೆ ಅವರು ಕೂತೇ ಮಾತಾಡಿದ್ದು ನಾನು ಕಂಡದ್ದು ಅದೇ ಮೊದಲು. "ಮಾಲು ಇಲ್ರಿ ಮಾವ."

"ಯಾವಾಗಿಂದ?"

"ನಾನು ಸೊಸಿಯಾಗಿ ಬಂದಾಗಿಂದ."

ಯಾರೂ ನಗಲಿಲ್ಲ, ಆ ದಪ್ಪನೆಯ ಅಕ್ಕ ಕೂಡ. ಚಿಕ್ಕಪ್ಪ ಒಳಗೆ ಬಂದು, ಖಾಲಿ ಟ್ರೇಯೊಂದನ್ನು ಕಾಲಿನಿಂದ ಸರಿಸಿ, ಬೋರಲು ಹಾಕಿದ್ದ ಕ್ರೇಟಿನ ಮೇಲೆ ಕೂತ. ಮಾತಿಗೆ ಶುರುಮಾಡುವವನಂತೆ ಗಂಟಲು ಸರಿಮಾಡಿಕೊಂಡ. ಅಷ್ಟು ಹೆಂಗಸರ ಸುಮ್ಮನಿರುವ ಕೈಗಳನ್ನು ನೋಡಿದ. ಪಕ್ಕದ ಡಬ್ಬಿಗೆ ಕೈ ಹಾಕಿ ಒಂದು ನಾಝಲ್ ತೆಗೆದ. ಅದರ ಮುಚ್ಚಳ ತಿರುಗಿಸಿದ. ಜರಡಿ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿದ. ಮತ್ತೆ ಕೂರಿಸತೊಡಗಿದ.

ಅವನೂ ನಮ್ಮ ಅಜ್ಜಿಯ ಮಗನೇ.

"ಅದು ನಿನ್ನೇನೇ ಆಗೈತ್ರಿ ಮಾವ" ಎಂದರು ಅತ್ತಿಗೆ.

ಚಿಕ್ಕಪ್ಪ ತನ್ನ ಕೈ ನೋಡಿಕೊಂಡ.

ಈ ಗಳಿಗೆ ತೀರ ಚೆನ್ನಾಗಿದೆ, ಅದಕ್ಕೇ ಇದರ ಮೇಲೆ ನನಗೆ ಎಲ್ಲಕ್ಕಿಂತ ಹೆಚ್ಚು ಅನುಮಾನ. ಇಂಥದ್ದು ಕಣ್ಣಮುಂದೆ ನಡೆದರೂ ನಡೆದಿರಲಿಕ್ಕಿಲ್ಲ ಅನ್ನಿಸುತ್ತದೆ. ಆದರೆ ಯಂತ್ರ ಕೈತಪ್ಪಿ ಬೇಸರದಲ್ಲಿದ್ದ ಅವನ ಮಗನೂ ಇದನ್ನು ಹೀಗೆಯೇ ಹೇಳುತ್ತಾನೆ. ನಮ್ಮ ಪರವಾಗಿ ಕತೆ ಕಟ್ಟುವ ದರ್ದು ಅವನಿಗಿಲ್ಲ. ಆದ್ದರಿಂದ ಇದನ್ನು ಇಲ್ಲಿ ಬಿಡುತ್ತೇನೆ.

ಚಿಕ್ಕಪ್ಪ ನಾಝಲ್ಲನ್ನು ಡಬ್ಬಿಗೆ ಹಾಕಿ ಎದ್ದ. ಬೀಗದ ಕೈ ಕೇಳಲಿಲ್ಲ. ಬಾಗಿಲಲ್ಲಿ ನಿಂತು ಚಪ್ಪಲಿ ಹುಡುಕುತ್ತ, ಯಾರಿಗೂ ಅಲ್ಲದಂತೆ, "ಸಾವಿನ ಮನ್ಯಾಗೂ ಇಷ್ಟು ಸುಮ್ನೆ ಕೂಡಲ್ಲ" ಎಂದು ಹೇಳಿ ಹೋದ. ಅವನು ಹೋದ ಮೇಲೂ ಬಹಳ ಹೊತ್ತು ಯಾರೂ ಕೈ ಅಲುಗಿಸಲಿಲ್ಲ. ಅಭ್ಯಾಸವಿಲ್ಲದ ಕಸರತ್ತು ಮಾಡಿದವರ ಹಾಗೆ ಸುಸ್ತಾಗಿದ್ದರು.

ಮರುದಿನವೇ ಗಾಡಿ ಬಂತು ಎನ್ನುತ್ತದೆ ಊಟದ ಪಂಕ್ತಿಯ ಕತೆ. ಮರುದಿನ ಭಾನುವಾರ, ಬಂದಿರಲಾರದು. ಬಂದದ್ದು ಆಮೇಲೆ ಯಾವತ್ತೋ. ತಾಡಪಾಲು ಹೊದಿಸಿದ ಗಾಡಿ ಶೆಡ್ಡಿನ ಮುಂದೆ ನಿಂತಾಗ ಅತ್ತಿಗೆಗೆ ನಿರಾಸೆಯಾಯಿತು, ಯಾಕೆಂದರೆ ಅದು ತುಂಬಿ ತುಳುಕುತ್ತಿತ್ತು. ಮತ್ತೆ ತುಂಬುವ ತನಕ ಕಾದೇ ಕಳಿಸಿದ್ದಾರೆ ಎಂದುಕೊಂಡರು. ಡ್ರೈವರ್ ತಾಡಪಾಲು ಎಳೆದ. ಕೆಳಗೆ ಅರ್ಧ ಗಾಡಿ ಮಾಲು. ಮೇಲೆ ಅರ್ಧ ಗಾಡಿ ಖಾಲಿ ಕ್ರೇಟು, ಒಂದರ ಮೇಲೊಂದು ಪೇರಿಸಿ, ಹಗ್ಗ ಹಾಕಿ ಬಿಗಿದು.

"ಇದೇನಪ್ಪಾ?"

"ಸಾಹುಕಾರ್ರು ಹೇಳ್ಯಾರ್ರೀ ಅಕ್ಕಾರ, ಗಾಡಿ ಪೂರ್ತಿ ತುಂಬಿಸ್ಕೊಂಡು ದಿನಾ ಹೋಗು ಅಂತ."

ಇನ್ನೊಂದು ಅರ್ಧ ಸಿಕ್ಕಿತ್ತು. ದಪ್ಪನೆಯ ಅಕ್ಕ ನೆಲದ ಮೇಲೆ ಕೂತು ನಕ್ಕರು.

ಆ ವರ್ಷ ಆಯುಧಪೂಜೆ ಎರಡೂ ಕಡೆ ಆಯಿತು. ಶೆಡ್ಡಿನ ಪೂಜೆಗೆ ಚಿಕ್ಕಪ್ಪ ಬಂದ, ಕುಂಬಳಕಾಯಿ ಅವನೇ ಒಡೆದ. ಗಾಡಿ ದಿನಾ ಕಳಿಸುವುದು ತನ್ನದೇ ಯೋಚನೆ ಎಂದು ಬಂದವರಿಗೆಲ್ಲ ಹೇಳಿದ. ಹೇಳಲಿ. ನಾವು ಗೆದ್ದೆವು ಎಂದು ನಾನು ಎಲ್ಲೂ ಹೇಳಿಲ್ಲ. ಯಂತ್ರದ ಮಾತು ಮುಂದಿನ ವರ್ಷ ಮತ್ತೆ ಬಂತು, ಈಗಲೂ ಬರುತ್ತದೆ. ಬಂದಾಗಲೆಲ್ಲ ನಾನು ಓಡಿಸಿ ತೋರಿಸುತ್ತೇನೆ, ಒಂದು ಮಾತಿನಲ್ಲಿ ಹೇಳು ಎಂದರೆ ಹೇಳುವುದಿಲ್ಲ. ಒಂದು ಮಾತಿನ ಉತ್ತರವೇ ಅವತ್ತು ಶೆಡ್ಡನ್ನು ಮುಚ್ಚಲು ಹೊರಟದ್ದು.

ಮೊನ್ನೆ ಚಿಕ್ಕಪ್ಪನ ಮಗ ಪರದೆ ನೋಡುತ್ತ ಕೇಳಿದ: "ಅಕ್ಕಾ, ಆ ಖಾಲಿ ಕ್ರೇಟುಗಳನ್ನ ಯಾಕ ಇಟ್ಕೊಂಡೀ ಇದ್ರಾಗ? ತೆಗೆದುಬಿಡು. ಉತ್ತರಕ್ಕೆ ಏನೂ ಫರಕು ಬೀಳಲ್ಲ."

"ಇಳಿಸೋಕೆ ಹೊತ್ತು ಹಿಡೀತೈತಲ್ಲ."

"ಎಷ್ಟು ಮಹಾ ಹೊತ್ತು?"

"ಐತಲ್ಲ. ಐತೆ ಅಂದಮ್ಯಾಲೆ ಇರಲಿ."

ತೆಗೆಯುವುದಿಲ್ಲ. ಪರದೆಯ ಮೇಲೆ ದಿನವೂ ಆ ಕ್ರೇಟುಗಳು ಹರಿಹರದಿಂದ ಬರುತ್ತವೆ, ಇಳಿಯುತ್ತವೆ, ಮತ್ತೆ ಏರಿ ಹೋಗುತ್ತವೆ. ಬೂದಿ ಬಣ್ಣವೂ ನಡುನಡುವೆ ಬರುತ್ತದೆ. ಪೂರ್ತಿ ಹೋಗುವುದಿಲ್ಲ, ಹೋಗುತ್ತದೆ ಎಂದು ನಾನು ಯಾರಿಗೂ ಮಾತು ಕೊಟ್ಟಿರಲಿಲ್ಲ. ಆ ಹೊತ್ತಿನಲ್ಲಿ ಶೆಡ್ಡಿನ ಹೆಂಗಸರು ಈಗ ನಿಜವಾಗಿಯೂ ಸುಮ್ಮನೆ ಕೂರುತ್ತಾರೆ. ಕಾಲು ಚಾಚಿ ಮಂಡಕ್ಕಿ ತಿನ್ನುತ್ತಾರೆ, ಒಬ್ಬರ ತಲೆ ಒಬ್ಬರು ಬಾಚುತ್ತಾರೆ, ಒಬ್ಬರಂತೂ ಗೋಡೆಗೆ ಒರಗಿ ಗೊರಕೆ ಹೊಡೆಯುತ್ತಾರೆ. ಚಿಕ್ಕಪ್ಪ ಬಂದರೂ ಏಳುವುದಿಲ್ಲ.

ಅತ್ತಿಗೆ ಮಾತ್ರ ಒಂದು ನಾಝಲ್ಲನ್ನು ಬೇರೆ ಎತ್ತಿಟ್ಟುಕೊಂಡಿದ್ದಾರೆ. ಬಿಚ್ಚಿ ಒರೆಸಿ ಕೂರಿಸಿ, ಬಿಚ್ಚಿ ಒರೆಸಿ ಕೂರಿಸಿ ಅದರ ಹಿತ್ತಾಳೆ ಬೆಳ್ಳಗಾಗಿದೆ. ನಾನು ನೋಡುತ್ತಿರುವುದು ಕಂಡು ಸೆರಗಿನಡಿ ಸರಿಸಿದರು.

"ಇದು ನಂದು" ಎಂದರು. "ನಿನ್ನ ಚುಕ್ಕಿಗೆ ಹಾಕಬ್ಯಾಡ."

ಹಾಕಿಲ್ಲ.